ಉಪವಾಸದ ತಲೆನೋವು ಎಲ್ಲಿಂದ ಬರುತ್ತದೆ?

ಭಾದ್ರಪದ ಶುಕ್ಲ ಪಂಚಮಿಗೆ ನಮ್ಮ ದಶಲಕ್ಷಣ ಪರ್ವ ಆರಂಭವಾಗುತ್ತದೆ. ಅಂದು ಉಪವಾಸ ಹಿಡಿದವರಲ್ಲಿ ಅನೇಕರಿಗೆ ಮಧ್ಯಾಹ್ನ ಕಳೆಯುವಷ್ಟರಲ್ಲಿ ತಲೆ ಸಿಡಿಯತೊಡಗುತ್ತದೆ. ಹೊಟ್ಟೆ ಖಾಲಿಯಾಗಿ ಪಿತ್ತ ಏರಿತು ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ನಾನೂ ಹಾಗೆಯೇ ನಂಬಿಕೊಂಡಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಪಂಚಮಿಯ ಬೆಳಿಗ್ಗೆ ಪೂಜೆ ಮುಗಿಸಿ, ಉಪವಾಸದ ನಿಯಮ ತೆಗೆದುಕೊಂಡು ಅಂಗಡಿಗೆ ಹೋದೆ. ಮೂರು ಗಂಟೆಯ ಹೊತ್ತಿಗೆ ತಲೆ ಎತ್ತಲಾರದಷ್ಟು ನೋವು, ಜೊತೆಗೆ ವಾಂತಿ. ಮನೆಗೆ ಬಂದು ತಡೆಯಲಾರದೆ ಒಂದು ಲೋಟ ಕಾಫಿ ಕುಡಿದುಬಿಟ್ಟೆ. ಅರ್ಧ ಗಂಟೆಯಲ್ಲಿ ನೋವು ಹೋಯಿತು, ನಿಯಮವೂ ಹೋಯಿತು. ನನ್ನ ಶ್ರೀಮತಿ ಅದೇ ಉಪವಾಸ ಹಿಡಿದು ಸ್ವಾಧ್ಯಾಯಕ್ಕೆ ಕುಳಿತಿದ್ದಳು. ಅವಳ ಎದುರು ಹಾದುಹೋಗಲು ನನಗೆ ನಾಚಿಕೆಯಾಯಿತು. ಇನ್ನು ಈ ದೇಹಕ್ಕೆ ಉಪವಾಸ ಆಗದು ಎಂದೇ ತೀರ್ಮಾನಿಸಿದ್ದೆ.

ಮುಂದೆ ವಾಸ್ಕೋದಲ್ಲಿ ವೈದ್ಯರೊಬ್ಬರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ಕಾಫಿ, ಎಷ್ಟು ಚಹಾ? ನಾಲ್ಕೈದು ಇರಬಹುದು ಎಂದೆ. ಮನೆಗೆ ಬಂದು ಬೆರಳು ಮಡಚಿ ಎಣಿಸಿದರೆ ಎಂಟು! ಸಾಂಕೋಲೆಯಲ್ಲಿ ನಮ್ಮದು ಹಾರ್ಡ್‌ವೇರ್ ವ್ಯಾಪಾರ. ಕೈಗಾರಿಕಾ ವಸಾಹತಿನವರು, ಗುತ್ತಿಗೆದಾರರು, ಕಂಪನಿಗಳ ಪ್ರತಿನಿಧಿಗಳು ಬರುತ್ತಿರುತ್ತಾರೆ. ಬಂದವರಿಗೆ ಚಹಾ ಹೇಳದಿದ್ದರೆ ಅದೆಂಥ ಅಂಗಡಿ? ಅವರು ಒಂದು ಕುಡಿದರೆ ಜೊತೆಗೆ ನಮ್ಮದೂ ಒಂದು. ಮನೆಯ ಫಿಲ್ಟರ್ ಕಾಫಿ ಮೂರು, ಅಂಗಡಿಯ ಚಹಾ ಐದು. ಪೈಸೆಗೆ ಪೈಸೆ ಲೆಕ್ಕ ಇಡುವ ನಾವು ಇದರ ಲೆಕ್ಕ ಮಾತ್ರ ಇಡುವುದಿಲ್ಲ.

ಕಾಫಿ, ಚಹಾ ಎರಡರಲ್ಲೂ ಕೆಫೀನ್ ಇದೆ. ಅದು ತಲೆಯೊಳಗಿನ ರಕ್ತನಾಳಗಳನ್ನು ಸ್ವಲ್ಪ ಕಿರಿದಾಗಿಸುತ್ತದೆ. ದಿನವೂ ಕುಡಿಯುವವರ ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ. ಒಮ್ಮೆಗೇ ನಿಲ್ಲಿಸಿದರೆ ನಾಳಗಳು ಹಿಗ್ಗಿ ತಲೆ ನೋಯುತ್ತದೆ. ಕೊನೆಯ ಕಪ್ಪು ಕುಡಿದ 12ರಿಂದ 24 ಗಂಟೆಗಳೊಳಗೆ ಈ ನೋವು ಆರಂಭವಾಗಿ, ಒಂದೆರಡು ದಿನ ಜೋರಾಗಿದ್ದು, ಕೆಲವರಿಗೆ ವಾರದವರೆಗೂ ಉಳಿಯುತ್ತದೆ. ನಾನು ಚೌತಿಯ ಸಂಜೆ ಆರಕ್ಕೆ ಕಾಫಿ ಕುಡಿದಿದ್ದೆ, ಪಂಚಮಿಯ ಮೂರಕ್ಕೆ ತಲೆ ಸಿಡಿಯಿತು. ನೀರು ಕಡಿಮೆಯಾದರೂ ತಲೆ ನೋಯುವುದುಂಟು. ಆದರೆ ಒಂದು ಲೋಟ ಕಾಫಿಗೆ ಅರ್ಧ ಗಂಟೆಯಲ್ಲಿ ಇಳಿದ ನೋವು ಯಾವುದೆಂದು ಬೇರೆ ಹೇಳಬೇಕೆ? ಸುಮ್ಮನೆ ಉಪವಾಸದ ಮೇಲೆ ತಪ್ಪು ಹೊರಿಸಿದ್ದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮಿತಿ. 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಅಂಗಡಿಯ ಗ್ಲಾಸು ಚಿಕ್ಕದೆಂದು ರಿಯಾಯಿತಿ ಕೊಟ್ಟರೂ ನಾನು ಮಿತಿ ದಾಟಿದ್ದೆ. ಸಕ್ಕರೆಯದಂತೂ ಇನ್ನೂ ದೊಡ್ಡ ಲೆಕ್ಕ: ಕಪ್ಪಿಗೆ ಎರಡು ಚಿಕ್ಕ ಚಮಚ, ಎಂಟು ಕಪ್ಪಿಗೆ ಹದಿನಾರು, ಅಂದರೆ ಸುಮಾರು 64 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ.

ಮರುವರ್ಷ ಪರ್ವಕ್ಕೆ ಹದಿನೈದು ದಿನ ಮೊದಲೇ ಸುರು ಮಾಡಿದೆ. ಎರಡು ದಿನಕ್ಕೊಂದು ಕಪ್ಪು ಕಡಿಮೆ. ಮೊದಲು ಹೋದದ್ದು ಅಂಗಡಿಯ ಚಹಾ. ಗಿರಾಕಿಗೆ ಹೇಳಿ, ನನಗೆ ಕಾಯಿಸಿದ ಜೀರಿಗೆ ನೀರು. ಮೊದಮೊದಲು ಗಿರಾಕಿಗಳು ಸಂಕೋಚಪಟ್ಟರು, ಆಮೇಲೆ ರೂಢಿಯಾಯಿತು. ಚೌತಿಯ ದಿನ ಉಳಿದದ್ದು ಬೆಳಗಿನ ಅರ್ಧ ಲೋಟ ಮಾತ್ರ. ಪಂಚಮಿಯಂದು ತಲೆ ಸ್ವಲ್ಪ ಭಾರವಾಗಿತ್ತು, ನೋವಿರಲಿಲ್ಲ. ಉಪವಾಸ ನಿರ್ವಿಘ್ನವಾಗಿ ನಡೆಯಿತು. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು.

ಮನೆಯ ಹೆಣ್ಣುಮಕ್ಕಳಿಗೆ ಒಂದು ಮಾತು. ನಮ್ಮ ಸೊಸೆಗೆ ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದರೂ ಏರಲಿಲ್ಲ. ಕಾರಣ, ತಿಂಡಿಯ ಜೊತೆ ಕಾಫಿಯಲ್ಲೇ ಮಾತ್ರೆ ನುಂಗುತ್ತಿದ್ದಳು. ಕಾಫಿ, ಚಹಾದ ಒಗರು ಅಂಶ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಇವೆರಡೂ ಬೇಡವೆಂದು ಅದೇ ಮಾರ್ಗಸೂಚಿ ಹೇಳಿದೆ. ನಮ್ಮಂಥ ಸಸ್ಯಾಹಾರಿಗಳಿಗೆ, ಅದರಲ್ಲೂ ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳಿಗೆ, ಕಾಳು ರಾಗಿಗಳಿಂದ ಸಿಗುವ ಅಷ್ಟಿಷ್ಟು ಕಬ್ಬಿಣಾಂಶವನ್ನು ಹೀಗೆ ಕಳೆದುಕೊಳ್ಳುವುದು ದೊಡ್ಡ ನಷ್ಟ. ಊಟದ ಜೊತೆ ನಿಂಬೆರಸ ಇದ್ದರೆ ಅದು ಚೆನ್ನಾಗಿ ಹಿಡಿಯುತ್ತದೆ. ಸೊಸೆ ಈಗ ಮಾತ್ರೆಯನ್ನು ನಿಂಬೆ ಪಾನಕದಲ್ಲಿ ನುಂಗುತ್ತಾಳೆ, ಕಾಫಿ ಹತ್ತೂವರೆಗೆ.

ಕಾಫಿ ಪುಡಿಯ ಪೊಟ್ಟಣವನ್ನೂ ಓದಿ ನೋಡಿ. ಚಿಕೋರಿ ಎಂದು ಬರೆದಿದ್ದರೆ ಅದೊಂದು ಗಿಡದ ಬೇರು. ಮಿಶ್ರಣದಲ್ಲಿ ಅದು ಶೇಕಡಾ 49ರವರೆಗೆ ಇರಬಹುದು, ಎಷ್ಟಿದೆ ಎಂದು ಮುದ್ರಿಸಲೇಬೇಕು. ಕಂದಮೂಲ ಬಿಟ್ಟವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ. ಒಣಶುಂಠಿ, ಅರಿಸಿನದಂತೆ ಹುರಿದು ಒಣಗಿಸಿದ ಇದೂ ನಡೆಯುತ್ತದೆಯೇ ಎಂಬುದನ್ನು ಮುನಿಗಳ ಬಳಿಯೋ ಪಂಡಿತರ ಬಳಿಯೋ ಕೇಳಬೇಕು. ವ್ಯಾಪಾರಿಯಾದ ನಾನು ಹೇಳುವ ವಿಷಯವಲ್ಲ. ನಮ್ಮ ಮನೆಗೆ ಈಗ ಬರಿಯ ಕಾಫಿಪುಡಿ ತರಿಸುತ್ತೇವೆ.

ಸೂರ್ಯಾಸ್ತದ ಮೊದಲು ಊಟ ಮುಗಿಸುವ ನಮ್ಮ ಪದ್ಧತಿಗೆ ಕಾಫಿಯನ್ನೂ ಸೇರಿಸಿಕೊಂಡರೆ ಸಾಲದು, ಇನ್ನೂ ಮೊದಲೇ ನಿಲ್ಲಿಸಬೇಕು. ಆರು ಗಂಟೆಗೆ ಕುಡಿದ ಕೆಫೀನಿನ ಸುಮಾರು ಅರ್ಧ ಭಾಗ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಮೂರರ ಮೇಲೆ ಬಿಟ್ಟ ಬಳಿಕ ನನಗೆ ನಿದ್ದೆ ಬರುತ್ತಿದೆ. ಬೆಳಿಗ್ಗೆ ಬೇಗ ಎದ್ದು ಇಲ್ಲಿಯ ಆರೋಗ್ಯ ಮಾತೆಯ ಹಳೆಯ ಇಗರ್ಜಿಯವರೆಗೆ ನಡೆದು ಬರುತ್ತೇನೆ. ಅದರ ಮುಖಗೋಡೆ ಮಾತ್ರ ಉಳಿದಿದೆ.

ಚಹಾದಂಗಡಿಯ ಹುಡುಗ ಈಗಲೂ ಹನ್ನೊಂದಕ್ಕೆ ಬಂದು ಎಷ್ಟು ಎಂದು ಕೇಳುತ್ತಾನೆ. ಬಂದವರನ್ನು ಎಣಿಸಿ ಹೇಳುತ್ತೇನೆ. ತಿಂಗಳ ಕೊನೆಗೆ ಅವನ ಚೀಟಿ ಮೊದಲಿನ ಅರ್ಧಕ್ಕೆ ಇಳಿದಿದೆ.