ಎಡ್ವರ್ಡನ ಉಕ್ಕಿನ ಕೈ

ಎಡ್ವರ್ಡ್ ಎಲ್ರಿಕ್‌ನ ಬಲಗೈ ಉಕ್ಕಿನದು. ಭುಜದಿಂದ ಬೆರಳ ತುದಿಯವರೆಗೂ ತಗಡು, ತಿರುಪು, ಕೀಲು. ಜಪಾನಿನ ಹಿರೋಮು ಅರಾಕಾವಾ 2001ರಿಂದ 2010ರವರೆಗೆ ಬರೆದು ಚಿತ್ರಿಸಿದ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಎಂಬ ಮಾಂಗಾ ಚಿತ್ರಕಥೆಯ ನಾಯಕ ಇವನು. ಸತ್ತ ಅಮ್ಮನನ್ನು ರಸವಿದ್ಯೆಯಿಂದ ಬದುಕಿಸಲು ಹೊರಟು ಎಡಗಾಲು ಕಳೆದುಕೊಂಡ. ಅದೇ ಗಳಿಗೆಯಲ್ಲಿ ಇಲ್ಲವಾದ ತಮ್ಮನ ಆತ್ಮವನ್ನಾದರೂ ಹಿಡಿದಿಡಲು ಬಲಗೈಯನ್ನೂ ತೆತ್ತ. ಆ ಜಾಗಕ್ಕೆ ಬಂದದ್ದು ‘ಆಟೋಮೇಲ್’, ನರಗಳಿಗೇ ಜೋಡಿಸಿದ ಲೋಹದ ಅಂಗ. ಪುಟದ ಮೇಲೆ ಆ ಕೈ ಸಲೀಸಾಗಿ ಮಡಚುತ್ತದೆ, ಮುಷ್ಟಿ ಕಟ್ಟುತ್ತದೆ, ಬೇಕೆಂದಾಗ ಅಲಗಾಗುತ್ತದೆ. ಒಂದು ತಗಡು ಇನ್ನೊಂದರ ಕೆಳಗೆ ಹೇಗೆ ಜಾರುತ್ತದೆ, ಮೊಣಕೈಯ ಒಳಮಗ್ಗುಲಲ್ಲಿ ಏನಿದೆ ಎಂಬುದನ್ನು ಪ್ರತಿ ಚೌಕದಲ್ಲೂ ತೋರಿಸುವ ಅಗತ್ಯ ಚಿತ್ರಕಾರರಿಗಿಲ್ಲ. ಅದನ್ನು ನಿಜವಾಗಿ ತೊಟ್ಟು ಇಡೀ ದಿನ ತಿರುಗಾಡಿ, ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿಯಬೇಕಾದ ನನಗಿದೆ.

ನನ್ನ ಹವ್ಯಾಸದ ಹೆಸರು ಕಾಸ್‌ಪ್ಲೇ. ಕಾಮಿಕ್ಸ್, ಅನಿಮೆ, ಸಿನಿಮಾ, ವಿಡಿಯೊ ಗೇಮ್‌ಗಳ ಪಾತ್ರಗಳ ಉಡುಪು, ಆಯುಧ, ಕೂದಲು ಎಲ್ಲವನ್ನೂ ತಯಾರಿಸಿ, ತೊಟ್ಟು, ಅದೇ ಕಥೆಗಳನ್ನು ಪ್ರೀತಿಸುವವರ ನಡುವೆ ಒಂದು ದಿನ ಆ ಪಾತ್ರವಾಗಿ ಓಡಾಡುವುದು. ಹೊಟ್ಟೆಪಾಡಿಗೆ ನಾನು ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ತಿಂಗಳ 11 ಮತ್ತು 20ನೇ ತಾರೀಖು ಹತ್ತಿರವಾದರೆ ಜಿಎಸ್‌ಟಿ ರಿಟರ್ನ್‌ಗಳ ಗಡಿಬಿಡಿ, ಆಗ ಫೋಮ್ ಮುಟ್ಟುವುದಿಲ್ಲ. ಉಳಿದ ಸಂಜೆಗಳಲ್ಲಿ ಊಟವಾದ ಮೇಲೆ ಒಂದು ತಾಸು, ಭಾನುವಾರ ಬೆಳಗಿನಿಂದ ಬಿಸಿಲೇರುವವರೆಗೆ ಹನುಮಂತನಗರದ ನಮ್ಮ ಬಾಡಿಗೆ ಮನೆಯ ತಾರಸಿ. ಊರಿಂದ ಬಂದಾಗಲೆಲ್ಲ ಅಮ್ಮ ಮೆಟ್ಟಿಲ ಮೇಲೆ ನಿಂತು, “ಎಂತ ಮಾರಾಯ್ತಿ ಇದು, ಮದ್ವೆ ಮನೆ ಪೆಂಡಾಲಿನ ಸಾಮಾನು ಬಂದ ಹಾಗೆ!” ಎನ್ನುತ್ತಾರೆ. ಆಮೇಲೆ ತಾವೇ ಕೂತು ಗುಂಡಿ ಹೊಲಿದುಕೊಡುತ್ತಾರೆ.

ಇದು ಈಚಿನ ಕಾಲದ ಹುಡುಗರ ಹುಚ್ಚು ಎನ್ನುವವರಿಗೆ ನಾನು ಮೊರೋಜೊ ಕಥೆ ಹೇಳುತ್ತೇನೆ. 1939ರಲ್ಲಿ ನ್ಯೂಯಾರ್ಕಿನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಲಾಸ್ ಏಂಜಲೀಸ್‌ನಿಂದ ಬಂದ ಫಾರೆಸ್ಟ್ ಆ್ಯಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಅಲ್ಲಿಗೆ ಭವಿಷ್ಯಕಾಲದ ಮನುಷ್ಯರ ಉಡುಪಿನಲ್ಲಿ ಹೋದರು. ಅಗ್ಗದ ಕಥಾಪತ್ರಿಕೆಗಳಿಗೆ ಫ್ರಾಂಕ್ ಪಾಲ್ ಬರೆಯುತ್ತಿದ್ದ ಚಿತ್ರಗಳು ಮತ್ತು 1936ರ ‘ಥಿಂಗ್ಸ್ ಟು ಕಮ್’ ಸಿನಿಮಾ ಆ ಉಡುಪಿಗೆ ಮಾದರಿ. ಬಳಗದಲ್ಲಿ ಮೊರೋಜೊ ಎಂದೇ ಕರೆಸಿಕೊಳ್ಳುತ್ತಿದ್ದ ಮರ್ಟಲ್ ಆ ಉಡುಪುಗಳನ್ನು ಹೊಲಿದವರು. ಬಹುಕಾಲ ಆ್ಯಕರ್‌ಮನ್ ಹೆಸರೇ ಮುಂದಿತ್ತು. ಸೂಜಿ ಹಿಡಿದವರ ಹೆಸರನ್ನು ಮೊದಲು ಹೇಳಬೇಕು ಎಂಬುದು ನನ್ನ ಹಠ. ಆಮೇಲೆ ಜಪಾನ್ ಈ ಕಲೆಯನ್ನು ತನ್ನದಾಗಿಸಿಕೊಂಡಿತು. ನಗೋಯಾದಲ್ಲಿ 2003ರಿಂದ ವಿಶ್ವ ಕಾಸ್‌ಪ್ಲೇ ಸಮಾವೇಶ ನಡೆಯುತ್ತಿದೆ. ನಮ್ಮಲ್ಲಿ 2011ರಲ್ಲಿ ದೆಹಲಿಯಲ್ಲಿ ಶುರುವಾದ ಕಾಮಿಕ್ ಕಾನ್ ಎಂಬ ಕಾಮಿಕ್ಸ್ ಅಭಿಮಾನಿಗಳ ಮೇಳ ಮರುವರ್ಷವೇ ಬೆಂಗಳೂರಿಗೂ ಬಂತು.

ಕೈಯ ವಿಷಯಕ್ಕೆ ಬರುತ್ತೇನೆ.

ಮೊದಲ ಕೆಲಸ ಅಳತೆ. ಬಲಗೈಗೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿ, ಅದರ ಮೇಲೆ ಮಾಸ್ಕಿಂಗ್ ಟೇಪ್ ಹೊದಿಸಬೇಕು. ಒಬ್ಬರಿಂದಾಗುವ ಕೆಲಸವಲ್ಲ. ಕೆಳಗಿನ ಮನೆಯ ಪಿಯುಸಿ ಹುಡುಗಿ ಬಂದು, “ಬಿಗಿಯಾಯ್ತಾ ಅಕ್ಕಾ?” ಎಂದು ಕೇಳುತ್ತ ಸುತ್ತಿಕೊಡುತ್ತಾಳೆ. ಟೇಪಿನ ಮೇಲೆ ಪೆನ್ನಿನಿಂದ ತಗಡುಗಳ ಅಂಚು ಬರೆದು, ಮತ್ತೆ ಜೋಡಿಸುವಾಗ ಗೊತ್ತಾಗಲೆಂದು ಪ್ರತಿ ಗೆರೆಗೂ ಅಡ್ಡ ಗುರುತು ಹಾಕಿ, ಕತ್ತರಿಯಿಂದ ಸೀಳಿ ಬಿಡಿಸಿದರೆ ನನ್ನ ಕೈಯ ಆಕಾರ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಅದೇ ಪ್ಯಾಟರ್ನ್.

‘ಉಕ್ಕು’ ಸಿಗುವುದು ಚಪ್ಪಲಿ ತಯಾರಿಸುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ. ಓಡುವ ಬೂಟಿನ ಅಟ್ಟೆಗೆ ಬಳಸುವ ಇವಿಎ ಫೋಮ್ ಹಾಳೆ: ಭುಜಕ್ಕೆ 5 ಮಿಲಿಮೀಟರ್ ದಪ್ಪದ್ದು, ಬೆರಳಿಗೆ 2 ಮಿಲಿಮೀಟರ್‌ನದು. ಇಡೀ ಕೈಗೆ ಬೇಕಾದಷ್ಟು ಫೋಮ್ ತೂಕದಲ್ಲಿ ಒಂದು ಜೊತೆ ಚಪ್ಪಲಿಯಷ್ಟೂ ಇರುವುದಿಲ್ಲ. ಈ ಫೋಮ್ ಅಲಗನ್ನು ಬೇಗ ಮೊಂಡು ಮಾಡುತ್ತದೆ, ಮೊಂಡಾದ ಅಲಗು ಕೊಯ್ಯುವ ಬದಲು ಹರಿಯುತ್ತದೆ. ಆದ್ದರಿಂದ ಕಟ್ಟರ್ ಬ್ಲೇಡಿಗೆ ಜಿಪುಣತನ ಮಾಡಬಾರದು. ಅಂಚನ್ನು ಓರೆಯಾಗಿ ಕೊಯ್ದರೆ ಎರಡು ತುಂಡು ಕೂಡುವಲ್ಲಿ ಮೂಲೆ ಹರಿತವಾಗಿ ನಿಲ್ಲುತ್ತದೆ. ಮೇಲೆ ಹೀಟ್ ಗನ್ ಹಿಡಿದರೆ ಫೋಮಿನ ರಂಧ್ರಗಳು ಮುಚ್ಚಿ ಮೈ ನುಣುಪಾಗುತ್ತದೆ. ಬಿಸಿಯಿರುವಾಗಲೇ ಬಾಗಿಸಿ ಹಿಡಿದು ತಣಿಯಲು ಬಿಟ್ಟರೆ ಆ ಬಾಗು ಹಾಗೇ ಉಳಿಯುತ್ತದೆ. ಅಂಟು ಕೂಡ ಚಪ್ಪಲಿ ಹೊಲಿಯುವವರದೇ, ರಬ್ಬರ್ ಅಂಟು. ಎರಡೂ ಮೈಗೆ ಸವರಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿದರೆ ಆ ಕ್ಷಣದಲ್ಲೇ ಕಚ್ಚಿಕೊಳ್ಳುತ್ತದೆ, ಮತ್ತೆ ಸರಿಸಲಾಗದು. ಅದರ ವಾಸನೆ ತಲೆಗೇರುವಂಥದ್ದು. ಕೋಣೆಯೊಳಗೆ ಬಳಸಬೇಡಿ, ಬಟ್ಟೆಯ ಮಾಸ್ಕ್ ಸಾಲದು, ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಕೊಳ್ಳಿ ಎಂದು ಹೊಸಬರಿಗೆಲ್ಲ ಹೇಳುತ್ತಲೇ ಇರುತ್ತೇನೆ.

ನನ್ನನ್ನು ಬಹಳ ಕಾಲ ಹಿಡಿದು ಕೂರಿಸಿದ್ದು ಮೊಣಕೈ. ಮಡಚಿದಾಗ ಅದರ ಹೊರಮೈ ಉದ್ದವಾಗುತ್ತದೆ, ಒಳಮೈ ಗಿಡ್ಡವಾಗುತ್ತದೆ. ಚರ್ಮ ಹಿಗ್ಗಿ ಕುಗ್ಗಿ ಹೊಂದಿಕೊಳ್ಳುತ್ತದೆ, ತಗಡು ಹೊಂದಿಕೊಳ್ಳದು. ಯುರೋಪಿನ ಮಧ್ಯಯುಗದ ಕವಚ ಮಾಡುವವರು ಇದೇ ತೊಡಕಿಗೆ ದಾರಿ ಕಂಡುಕೊಂಡಿದ್ದರು: ಕಿರಿದಾದ ಪಟ್ಟಿಗಳನ್ನು ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಬರುವಂತಿಟ್ಟು, ಒಳಗಿನಿಂದ ತೊಗಲಿನ ಪಟ್ಟಿಗೆ ರಿವೆಟ್ ಮಾಡುವುದು. ನಾನು ತೊಗಲಿನ ಬದಲು ಲೈಕ್ರಾ ಬಟ್ಟೆಯ ಕಪ್ಪು ತೋಳು ಹೊಲಿದು, ಪ್ರತಿ ಪಟ್ಟಿಯ ಮೇಲಂಚನ್ನು ಮಾತ್ರ ಅದಕ್ಕೆ ಅಂಟಿಸಿದೆ. ಕೆಳಗಿನ ಅಂಚು ಬಿಡಿಯಾಗಿರುವುದರಿಂದ ಕೈ ಮಡಚಿದಾಗ ಪಟ್ಟಿಗಳು ಜಾರುತ್ತವೆ, ಸಂದಿಯಲ್ಲಿ ಕಾಣುವ ಕಪ್ಪು ಬಟ್ಟೆ ಯಂತ್ರದ ಒಳಗಿನ ನೆರಳಿನಂತೆ ತೋರುತ್ತದೆ. ಬೆರಳುಗಳ ಫೋಮನ್ನು ತೆಳು ಕೈಗವಸಿನ ಮೇಲೆ ಕೂರಿಸಿದ್ದೇನೆ. ಹೆಬ್ಬೆರಳು ಮತ್ತು ತೋರುಬೆರಳ ತುದಿಯನ್ನು ಖಾಲಿ ಬಿಟ್ಟಿದ್ದೇನೆ. ಮುಚ್ಚಳ ತೆಗೆಯಲು ಅಷ್ಟು ಸಾಕು.

ಇನ್ನು ಬಣ್ಣ. ಎಲ್ಲಕ್ಕಿಂತ ಹೆಚ್ಚಾಗಿ ಮಾಂಗಾ ಓದಿ ತಿಳಿಯಬೇಕಾದ ಹಂತ ಇದೇ. ಫೋಮಿಗೆ ನೇರ ಬಣ್ಣ ಬಳಿದರೆ ಹೀರಿಕೊಂಡುಬಿಡುತ್ತದೆ, ಮೊದಲು ಪ್ರೈಮರ್ ಬೇಕು. ನೀರು ಬೆರೆಸಿದ ಬಿಳಿ ಫೆವಿಕಾಲ್ ಗಟ್ಟಿ ಭಾಗಗಳಿಗೆ ಸಾಕಾಗುತ್ತದೆ, ಮಡಚುವ ಕಡೆ ಬಿರುಕು ಬಿಡುತ್ತದೆ. ಅಲ್ಲಿಗೆ ರಬ್ಬರಿನಂತೆ ಹಿಗ್ಗುವ ಸ್ಪ್ರೇ. ಅದರ ಮೇಲೆ ಕಪ್ಪು, ಕಪ್ಪಿನ ಮೇಲೆ ಸ್ಪಂಜಿನಿಂದ ತಟ್ಟಿದ ಬೆಳ್ಳಿಬಣ್ಣ, ಸಂದುಗಳಿಗೆ ಮತ್ತೆ ತೆಳುವಾದ ಕಪ್ಪು. ಇಷ್ಟಾದಾಗ ಹೊಸ ಉಕ್ಕಿನಂತೆ ಕಾಣುತ್ತದೆ. ಎಡ್ವರ್ಡನ ಕೈ ಹೊಸದಲ್ಲ. ಹಾಗಾದರೆ ಎಲ್ಲಿ ಸವೆದಿರುತ್ತದೆ? ರಸವಿದ್ಯೆ ಮಾಡುವಾಗ ಅವನು ಎರಡೂ ಅಂಗೈ ತಟ್ಟಿ ಜೋಡಿಸುತ್ತಾನೆ, ಆಮೇಲೆ ನೆಲಕ್ಕೆ ಊರುತ್ತಾನೆ. ಆದ್ದರಿಂದ ಅಂಗೈ ಮತ್ತು ಬೆರಳಿನ ಒಳಮೈ ಮಿರುಗಬೇಕು. ಏಟು ತಡೆಯುವುದು ಮುಂಗೈಯ ಹೊರಭಾಗದಿಂದ, ಗೀರು ಅಲ್ಲಿರಬೇಕು. ಭುಜದ ತಗಡಿನ ಮೇಲೆ ಸಾಮಾನ್ಯವಾಗಿ ಕೋಟು ಇರುತ್ತದೆ, ಆ ತಗಡು ಹೆಚ್ಚು ಕೆಡಬಾರದು. ಚಿತ್ರ ಹೇಳದೆ ಬಿಟ್ಟದ್ದನ್ನು ಹೀಗೆ ಒಂದೊಂದಾಗಿ ತೀರ್ಮಾನಿಸುವುದೇ ನನ್ನ ಪಾಲಿಗೆ ಕಾಸ್‌ಪ್ಲೇ. ಅರಾಕಾವಾ ಸ್ವತಃ ಹೀಗೆ ಯೋಚಿಸುವ ಲೇಖಕಿ. ಕಥೆಯಲ್ಲಿ ಎಡ್ವರ್ಡ್ ಉತ್ತರದ ಹಿಮಪ್ರದೇಶಕ್ಕೆ ಹೋದಾಗ, ಕೊರೆಯುವ ಚಳಿಯಲ್ಲಿ ಉಕ್ಕಿನ ಕೈ ಮೈಗೆ ಅಪಾಯವೆಂದು ಅವನ ಮೆಕ್ಯಾನಿಕ್ ಗೆಳತಿ ವಿನ್ರಿ ಹಗುರ ಲೋಹದ ಬೇರೆ ಅಂಗ ಜೋಡಿಸುತ್ತಾಳೆ. ಲೋಹಕ್ಕೆ ಚಳಿ ತಾಗುತ್ತದೆ ಎಂದು ನೆನಪಿಟ್ಟುಕೊಂಡವರ ಕಥೆಗೆ ಸುಮ್ಮನೆ ಬೆಳ್ಳಿಬಣ್ಣ ಬಳಿದು ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಕೆಂಪು ಕೋಟು ಇಷ್ಟು ಕಾಡಲಿಲ್ಲ. ಚಿಕ್ಕಪೇಟೆಯಲ್ಲಿ ಬಟ್ಟೆಯನ್ನು ಅಂಗಡಿಯ ಟ್ಯೂಬ್‌ಲೈಟಿನಡಿ ನೋಡದೆ ರಸ್ತೆಯ ಬೆಳಕಿಗೆ ಹಿಡಿದು ನೋಡಿದೆ. ಪಾಪ್ಲಿನ್ ಹಾರಾಡುತ್ತದೆ, ವೆಲ್ವೆಟ್ ಮಿಂಚುತ್ತದೆ; ದೇಶ ಸುತ್ತುವ ಹುಡುಗನ ಕೋಟಿಗೆ ಟ್ವಿಲ್ ಸರಿ. ಗಾಂಧಿ ಬಜಾರಿನ ಕಟಿಂಗ್ ಮಾಸ್ಟರ್ ಬಳಿ ಪಟ ಹಿಡಿದು ಹೋದರೆ, “ನಾಟಕಕ್ಕಾ ಮೇಡಂ?” ಎಂದರು. ಓಡುವಾಗ ಕೆಳಗಿನ ಘೇರು ಹಾರಬೇಕು ಎಂದು ವಿವರಿಸಿದೆ. ಸೊಂಟದಿಂದ ಕೆಳಗೆ ಅಂಬ್ರೆಲಾ ಕಟಿಂಗ್ ಕೊಟ್ಟು, ಕಾಲರಿಗೆ ಕ್ಯಾನ್ವಾಸ್ ಹಾಕಿ, ಹೊಲಿಗೆಯಂಚೆಲ್ಲ ಓವರ್‌ಲಾಕ್ ಮಾಡಲು ಅವರೇ ಕಲಿಸಿದರು. ಬೆನ್ನಿನ ಮೇಲಿನ ಹಾವು, ಶಿಲುಬೆ, ಕಿರೀಟ, ರೆಕ್ಕೆಗಳ ಕಪ್ಪು ಚಿಹ್ನೆಯನ್ನು ಬಟ್ಟೆಯಲ್ಲೇ ಕತ್ತರಿಸಿ ಹೊಲಿದೆ. ಬಣ್ಣದಲ್ಲಿ ಬರೆದಿದ್ದರೆ ಬೇಗ ಮುಗಿಯುತ್ತಿತ್ತು, ಆದರೆ ಮಡಿಕೆಯಲ್ಲಿ ಒಡೆಯುತ್ತಿತ್ತು. ಹೊಂಬಣ್ಣದ ಜಡೆಯ ವಿಗ್ ಕೊಂಡದ್ದು.

ಎಡ್ವರ್ಡನ ಬೆಳ್ಳಿಯ ಜೇಬುಗಡಿಯಾರವನ್ನು ಗೆಳೆಯನೊಬ್ಬ ತನ್ನ ತ್ರೀಡಿ ಪ್ರಿಂಟರಿನಲ್ಲಿ ತೆಗೆದುಕೊಟ್ಟ. ಪಿಎಲ್‌ಎ ಪ್ಲಾಸ್ಟಿಕ್ಕಿನ ಎಳೆಯನ್ನು ಕರಗಿಸಿ ಪದರದ ಮೇಲೆ ಪದರ ಕೂರಿಸುವ ಯಂತ್ರ ಅದು. ಪದರಗಳ ಗೆರೆ ಹೋಗುವವರೆಗೂ ಉಪ್ಪುಕಾಗದದಿಂದ ಉಜ್ಜಬೇಕು. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಈ ಪ್ಲಾಸ್ಟಿಕ್ ಮೆತ್ತಗಾಗುವುದರಿಂದ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡುವಂತಿಲ್ಲ. ಗಡಿಯಾರದ ಮುಚ್ಚಳದ ಒಳಗೆ ಎಡ್ವರ್ಡ್ ಒಂದು ತಾರೀಖು ಕೆತ್ತಿಕೊಂಡಿದ್ದಾನೆ. ಹಿಂದಿರುಗುವ ದಾರಿ ಇರಬಾರದೆಂದು ಅಣ್ಣತಮ್ಮ ತಮ್ಮ ಮನೆಗೇ ಬೆಂಕಿಯಿಟ್ಟ ದಿನ ಅದು. ಅವನು ಅದನ್ನು ಯಾರಿಗೂ ತೋರಿಸಲೊಲ್ಲ. ನಾನೂ ಸೂಜಿಮೊನೆಯಿಂದ ಕೆತ್ತಿ ಮುಚ್ಚಿಟ್ಟಿದ್ದೇನೆ.

ನಮ್ಮೂರು ಕುಂದಾಪುರದ ಕಡೆ. ಸೋದರಮಾವ ಯಕ್ಷಗಾನ ಆಟಕ್ಕೆ ಕರೆದುಕೊಂಡು ಹೋದಾಗಲೆಲ್ಲ ನಾನು ರಂಗಸ್ಥಳಕ್ಕಿಂತ ಹೆಚ್ಚು ಹೊತ್ತು ವೇಷ ಕಟ್ಟುವ ಚೌಕಿಯಲ್ಲೇ ಇರುತ್ತಿದ್ದೆ. ಬಂಗಾರದ್ದೆಂದು ಕಾಣುವ ಕಿರೀಟ, ಭುಜಕೀರ್ತಿ ಹಗುರ ಮರದಲ್ಲಿ ಕೊರೆದವು. ಮೇಲೆ ಬೇಗಡೆ, ನಡುವೆ ಕನ್ನಡಿ ಚೂರು. ಭಾರವಾಗಿ ಕಾಣಬೇಕು, ಬೆಳಗಿನವರೆಗೆ ಕುಣಿಯುವವನಿಗೆ ಭಾರವಾಗಬಾರದು. ಫೋಮಿನಲ್ಲಿ ಉಕ್ಕು ಮಾಡುವಾಗ ನಾನು ಬಿಡಿಸುತ್ತಿರುವುದೂ ಅದೇ ಲೆಕ್ಕ. ಹೆಣ್ಣಾಗಿ ಗಂಡು ಪಾತ್ರ ತೊಡುತ್ತೀಯಲ್ಲ ಎಂದು ಕೇಳುವವರಿಗೂ ಸ್ತ್ರೀವೇಷಧಾರಿಗಳನ್ನು ನೋಡಿ ಬೆಳೆದ ನಾನು ಹೆಚ್ಚಿಗೆ ಹೇಳಬೇಕಾದ್ದೇನಿಲ್ಲ. ಎಡ್ವರ್ಡ್ ಕುಳ್ಳ, ನನ್ನ ಎತ್ತರವೂ ಅವನಿಗೆ ಹೊಂದುತ್ತದೆ.

ಕಾಮಿಕ್ ಕಾನ್ ದಿನ ಬೆಳಗಿನ ಮೆಟ್ರೊದಲ್ಲಿ ವೈಟ್‌ಫೀಲ್ಡ್ ಕಡೆಗೆ ಹೋಗುವಾಗ ಕೈ ಸೂಟ್‌ಕೇಸಿನಲ್ಲಿರುತ್ತದೆ. ಬಾಗಿಲಲ್ಲಿ ಆಯುಧಗಳ ತಪಾಸಣೆ: ನಿಜವಾದ ಲೋಹದ ಅಲಗು, ಹರಿತ ಮೊನೆ ಒಳಗೆ ಬಿಡುವುದಿಲ್ಲ, ಅದು ಸರಿಯೇ. ಚೀಲದಲ್ಲಿ ಸೂಜಿ ದಾರ, ಪಿನ್ನು, ಫೆವಿಕ್ವಿಕ್, ಟೇಪು ಸದಾ ಇರುತ್ತವೆ. ಗುರುತಿಲ್ಲದವರ ರೆಕ್ಕೆ ಮುರಿದರೂ ಹತ್ತು ಜನ ಓಡಿಬಂದು ಹಿಡಿದು ನಿಲ್ಲಿಸುತ್ತಾರೆ. ಈ ಬಳಗದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುವುದು ಇದನ್ನೇ. ನೋಡಲು ಬರುವವರಿಗೆ ಒಂದು ಮಾತು: ಫೋಟೊ ತೆಗೆಯುವ ಮೊದಲು ಕೇಳಿ, ಕೇಳದೆ ಮುಟ್ಟಬೇಡಿ. ವೇಷ ತೊಟ್ಟರೆ ಒಪ್ಪಿಗೆ ಕೊಟ್ಟಂತಲ್ಲ ಎಂಬ ಫಲಕಗಳನ್ನು 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ ದೊಡ್ಡದಾಗಿ ನಿಲ್ಲಿಸಿತ್ತು. ಹಾಗೆ ನಿಲ್ಲಿಸಬೇಕಾದ ಅಗತ್ಯ ಎಲ್ಲ ಊರಲ್ಲೂ ಇದೆ. ಎಡ್ವರ್ಡನ ಕೋಟು ತೊಟ್ಟ ನನ್ನನ್ನು ಕೇಳಿ ಫೋಟೊ ತೆಗೆಸಿಕೊಂಡವರು ಸಾಮಾನ್ಯವಾಗಿ ಅಲ್ಲೇ ನಿಂತು ಮಾಂಗಾದ ತಮ್ಮ ಇಷ್ಟದ ಅಧ್ಯಾಯದ ಬಗ್ಗೆ ಮಾತಾಡಲು ಶುರು ಮಾಡುತ್ತಾರೆ. ಆ ಮಾತಿಗಾಗಿ ನಾನು ಎಷ್ಟು ಹೊತ್ತಾದರೂ ನಿಲ್ಲುತ್ತೇನೆ.

ಕಳೆದ ಬಾರಿ ತುಮಕೂರಿನಿಂದ ಅಪ್ಪನ ಜೊತೆ ಬಂದಿದ್ದ ಹೈಸ್ಕೂಲ್ ಹುಡುಗಿಯೊಬ್ಬಳು ಫೋಟೊ ಕೇಳಲಿಲ್ಲ. “ಮೊಣಕೈ ಒಂದ್ಸಲ ಮಡಚಿ ಅಕ್ಕಾ” ಎಂದಳು. ಮಡಚಿದೆ. ತಿರುಗಿಸಿ ಅಂದಳು, ತಿರುಗಿಸಿದೆ. ಪಟ್ಟಿಯೊಂದನ್ನು ಎತ್ತಿ ಒಳಗಿನ ಲೈಕ್ರಾ ತೋರಿಸಿದೆ. ಅವಳಪ್ಪ, “ಇದಕ್ಕೆಲ್ಲ ತುಂಬಾ ಖರ್ಚಾಗುತ್ತೇನಮ್ಮ?” ಎಂದು ವಿಚಾರಿಸಿದರು. ಪೂರ್ತಿ ಕೈಗೆ ಕೈ ಹಾಕಬೇಡ, ಮೊದಲು ಮಣಿಕಟ್ಟಿಗೆ ಒಂದು ಪಟ್ಟಿ ಮಾಡು, ಒಂದೇ ಹಾಳೆ ಸಾಕು, ಊರಲ್ಲೇ ಚಪ್ಪಲಿ ಸಾಮಾನಿನ ಅಂಗಡಿಯಲ್ಲಿ ಕೇಳಿ ನೋಡು, ಹೀಟ್ ಗನ್ ಹಿಡಿಯುವಾಗ ಅಪ್ಪ ಜೊತೆಗಿರಲಿ ಎಂದೆಲ್ಲ ಹೇಳಿದೆ. ಅವಳು ಎಲ್ಲವನ್ನೂ ಅಪ್ಪನ ಮೊಬೈಲಿನಲ್ಲಿ ಬರೆದುಕೊಂಡಳು.

“ಅಂಟು ಒಣಗೋಕೆ ಎಷ್ಟೊತ್ತು ಬೇಕು?”

“ಹತ್ತು ನಿಮಿಷ ಕಾಯಿ. ಬೆರಳಲ್ಲಿ ಮುಟ್ಟಿ ನೋಡು. ಅಂಟಲಿಲ್ಲ ಅಂದ್ರೆ ಜೋಡಿಸು.”