ಸಂಗಮದ ದಂಡೆಯ ಕನ್ನಡ ಹಳ್ಳಿ

ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡೇ ಯೋಚನೆಗಳು ಹುಟ್ಟುತ್ತವೆ. ಒಂದು, ಊರಿಗೆ ಹೋಗುವುದು. ಇನ್ನೊಂದು, ತಿರುಪತಿಗೋ ಶ್ರೀಶೈಲಕ್ಕೋ ಹೋಗಿ ಬರುವುದು. ಹೆಸರಾಗದ ಒಂದು ಹಳ್ಳಿಯನ್ನು ನೋಡುವುದಕ್ಕೆಂದೇ ಟಿಕೆಟ್ಟು ಕೊಳ್ಳುವವರು ಅಪರೂಪ. ಆದರೆ ಮಿಯಾಪುರದಿಂದ ಒಂದು ದಿನದ ಪ್ರಯಾಣದಲ್ಲಿ, ಇದೇ ತೆಲಂಗಾಣ ರಾಜ್ಯದೊಳಗೆ, ತಲೆತಲಾಂತರದಿಂದ ಕನ್ನಡವನ್ನೇ ಆಡಿಕೊಂಡು ಬಂದಿರುವ ಹಳ್ಳಿಗಳಿವೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನ್ನ ಕಚೇರಿಯ ಮಿತ್ರರೊಬ್ಬರ ತಾಯಿಯ ತವರು ಅಂಥದೊಂದು ಹಳ್ಳಿ. ಹೆಸರು ತಂಗಡಿ. ಅವರ ಆಹ್ವಾನದ ಮೇರೆಗೆ ಸಂಕ್ರಾಂತಿಯ ರಜೆಯಲ್ಲಿ ನಾನು, ನನ್ನ ಮನೆಯಾಕೆ ಮತ್ತು ಒಂಬತ್ತು ವರ್ಷದ ಮಗಳು ಅಲ್ಲಿಗೆ ಹೋಗಿ ಎರಡು ದಿನ ಇದ್ದು ಬಂದೆವು. ಕಂಡದ್ದನ್ನೂ ಕೇಳಿದ್ದನ್ನೂ ಸಂಘದ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಹೋಗುವ ದಾರಿ

ತಂಗಡಿ ಇರುವುದು ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ. ಕೃಷ್ಣಾ ಎಂಬುದು ಇಲ್ಲಿ ನದಿಯ ಹೆಸರೂ ಹೌದು, ಊರಿನ ಹೆಸರೂ ಹೌದು, ರೈಲ್ವೆ ನಿಲ್ದಾಣದ ಹೆಸರೂ ಹೌದು. ಮುಂಬಯಿ ಕಡೆಯಿಂದ ಬಂದ ಹಳಿಯೂ ಮದ್ರಾಸು ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು; ಆ ಹಳಿ ಕೃಷ್ಣೆಯನ್ನು ದಾಟುವುದು ಈ ಭಾಗದಲ್ಲಿಯೇ. ಆದರೂ ಹೈದರಾಬಾದಿನಿಂದ ರೈಲಿನಲ್ಲಿ ಬರುವವರು ಬಹುಕಾಲ ವಾಡಿಯನ್ನು ಸುತ್ತಿಕೊಂಡೇ ಬರಬೇಕಾಗಿತ್ತು. ಈಗ ಆ ಕಷ್ಟವಿಲ್ಲ. ಮಹಬೂಬನಗರದ ಕಡೆಯಿಂದ ದೇವರಕದ್ರ, ಮಕ್ತಲ್ ಮಾರ್ಗವಾಗಿ ಹೊಸ ಹಳಿ ಬಂದಿದೆ. ಅದರಲ್ಲಿ ಜಕ್ಲೇರಿನಿಂದ ಕೃಷ್ಣಾವರೆಗಿನ 37 ಕಿಲೋಮೀಟರಿನ ಭಾಗ 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾಯಿತು. ಅದೇ ದಿನ ಕಾಚಿಗುಡ ಮತ್ತು ರಾಯಚೂರಿನ ನಡುವಣ ಗಾಡಿಯೂ ಪ್ರಾರಂಭವಾಯಿತು. ನೃಪತುಂಗ ಶಾಲೆಯ ದೆಸೆಯಿಂದ ಕಾಚಿಗುಡ ಕನ್ನಡಿಗರಿಗೆ ಹೊಸ ಹೆಸರೇನೂ ಅಲ್ಲವಷ್ಟೆ.

ರೈಲು ಬೇಡವೆನ್ನುವವರು ಮಿಯಾಪುರದಲ್ಲಿ ಮೆಟ್ರೋ ಹತ್ತಿದರೆ ಗಾಡಿ ಬದಲಾಯಿಸದೆ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ಬಂದಿಳಿಯಬಹುದು. ಅಲ್ಲಿಂದ ರಾಯಚೂರಿಗೆ ಹೋಗುವ ಬಸ್ಸುಗಳು ಜಡ್ಚರ್ಲ, ಮಹಬೂಬನಗರ, ಮಕ್ತಲ್ ಮೇಲೆ ಹಾದು, ಹೊಳೆ ದಾಟುವ ಮುನ್ನ ಈ ಮಂಡಲವನ್ನು ಮುಟ್ಟುತ್ತವೆ.

ನಾವು ರೈಲಿನಲ್ಲಿ ಹೋದೆವು. ಮಹಬೂಬನಗರದ ತನಕ ಡಬ್ಬಿಯ ತುಂಬ ತೆಲುಗು ಮಾತು. ಮಕ್ತಲ್ ಕಳೆದ ಮೇಲೆ ಒಬ್ಬ ಮುದುಕಿ ಮಗುವನ್ನು ತೆಲುಗಿನಲ್ಲಿ ಗದರಿಸಿ ಕನ್ನಡದಲ್ಲಿ ಸಮಾಧಾನಪಡಿಸಿದಳು. ಭಾಷೆಯ ಗಡಿ ಎಂಬುದು ನಕ್ಷೆಯ ಗೆರೆಯಂತೆ ಅಲ್ಲ, ಹಾಲಿಗೆ ನೀರು ಬೆರೆತಂತೆ ಎಂದು ಅಲ್ಲಿಯೇ ತಿಳಿಯಿತು. ನಿಲ್ದಾಣದಿಂದ ಮುಂದಕ್ಕೆ ಆಟೋ. ರಸ್ತೆಯ ಎರಡು ಕಡೆಯೂ ಹತ್ತಿ, ತೊಗರಿ, ಅಲ್ಲಲ್ಲಿ ಬತ್ತದ ಗದ್ದೆ.

ಮನೆ ಒಂದೇ, ರಾಜ್ಯ ಮೂರು

ಮಿತ್ರರ ಸೋದರಮಾವ ಎಂಬತ್ತು ದಾಟಿದ ಹಿರಿಯರು. ಬಾಗಿಲಲ್ಲೇ ನಿಂತು, “ಬರ್ರಿ, ಬರ್ರಿ, ಬಿಸಲಾಗ ಬಂದೀರಿ, ಮೊದಲ ನೀರ ಕುಡೀರಿ” ಎಂದರು. ಕಟ್ಟೆಯ ಮೇಲೆ ಕೂತು, ತಮ್ಮ ಹಿರಿಯರು ಈ ಕಡೆಗೆ ಯಾವಾಗ ವಲಸೆ ಬಂದದ್ದೆಂದು ನಾನು ವಿಚಾರಿಸಿದೆ. ಅವರು ನಕ್ಕುಬಿಟ್ಟರು. “ನಾವು ಈ ಕಟ್ಟಿ ಬಿಟ್ಟು ಎಲ್ಲಿಗೂ ಹೋಗಿಲ್ರಿ, ಎಲ್ಲಿಂದ್ಲೂ ಬಂದಿಲ್ಲ. ಸರಕಾರಗಳೇ ಬಂದು ಬಂದು ಹೋಗ್ಯಾವ.”

ಲೆಕ್ಕ ಹಾಕಿದರೆ ಅವರ ಮಾತು ಅಕ್ಷರಶಃ ನಿಜ. ಅವರು ಹುಟ್ಟಿದಾಗ ನಿಜಾಮರ ಆಳ್ವಿಕೆ. 1948ರ ಸೆಪ್ಟೆಂಬರಿನಲ್ಲಿ ಅದು ಮುಗಿದು ಹೈದರಾಬಾದ್ ರಾಜ್ಯವು ಭಾರತದ ಭಾಗವಾಯಿತು. 1956ರ ನವೆಂಬರ್ 1ರಂದು ಆ ರಾಜ್ಯವನ್ನು ಭಾಷೆಗಳ ಪ್ರಕಾರ ಹಂಚಿದಾಗ ಹೊಳೆಯ ಆಚೆಯ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಈಚೆಯ ಮಹಬೂಬನಗರ ಜಿಲ್ಲೆ, ಅದರೊಡನೆ ಈ ಹಳ್ಳಿಗಳು ಆಂಧ್ರ ಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಿಂದ ತೆಲಂಗಾಣ. 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಬೇರೆ ಜಿಲ್ಲೆಯಾಯಿತು. ಮನೆ ಒಂದೇ, ಕಟ್ಟೆ ಒಂದೇ. ಕಾಗದದ ತಲೆಬರಹ ಮಾತ್ರ ಬದಲಾಗುತ್ತಾ ಹೋಯಿತು.

ಇಂಥ ಊರು ಇದೊಂದೇ ಅಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ಕಾಯಿದೆಯನ್ನು ತೆರೆದು ನೋಡಿದರೆ ರಾಯಚೂರು ಜಿಲ್ಲೆಯಿಂದ ಗದ್ವಾಲ ಮತ್ತು ಆಲಂಪುರ, ಗುಲಬರ್ಗಾ ಜಿಲ್ಲೆಯಿಂದ ಕೊಡಂಗಲ್ ಮತ್ತು ತಾಂಡೂರು, ಬೀದರ ಜಿಲ್ಲೆಯಿಂದ ಜಹೀರಾಬಾದ್ ತಾಲೂಕಿನ ಬಹುಭಾಗ ಮತ್ತು ನಾರಾಯಣಖೇಡ ಈ ಕಡೆಗೆ ಬಂದುದು ಕಾಣುತ್ತದೆ. ನಾವು ಹೊಟ್ಟೆಪಾಡಿಗಾಗಿ ಗಡಿ ದಾಟಿ ಬಂದವರು. ಇವರಾದರೋ ಕೂತಲ್ಲೇ ಕೂತಿದ್ದವರು. ಗಡಿಯೇ ಇವರನ್ನು ದಾಟಿತು.

ರೊಟ್ಟಿ, ಪುಂಡಿ, ಮಾತು

ಮಧ್ಯಾಹ್ನ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಮೊಸರು. ನಾವು ಹೈದರಾಬಾದಿನ ಅಂಗಡಿಯಲ್ಲಿ ಗೋಂಗೂರ ಎಂದು ಕೊಳ್ಳುವ ಸೊಪ್ಪೇ ಈ ಪುಂಡಿ. ತೆಲಂಗಾಣದ ಹಳ್ಳಿಗಳ ತೆಲುಗರು ಇದನ್ನು ಪುಂಟಿಕೂರ ಎನ್ನುತ್ತಾರೆ. ಪುಂಡಿಗೂ ಪುಂಟಿಗೂ ಎಷ್ಟು ದೂರ! ಒಂದೇ ಒಲೆಯ ಮುಂದೆ ಕೂತ ಎರಡು ಭಾಷೆಗಳಿಗೆ ಪರಸ್ಪರ ಜಗಳವಿದ್ದಂತೆ ನನಗೆ ಕಾಣಲಿಲ್ಲ. ಊರವರು ಸಂತೆಯಲ್ಲಿ ತೆಲುಗು ಆಡುತ್ತಾರೆ, ಮುಸಲ್ಮಾನ ನೆರೆಯವರೊಡನೆ ಉರ್ದು ಆಡುತ್ತಾರೆ, ಮನೆಗೆ ಬಂದು ಕನ್ನಡ ಆಡುತ್ತಾರೆ.

ನಮ್ಮ ಮಗಳು ಮಾತ್ರ ಸುಮ್ಮನೆ ಕೂತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಬರುವುದು ಇಂಗ್ಲಿಷಿನಲ್ಲಿ. ಹಿರಿಯರ ಮೊಮ್ಮಗಳು, ಹೆಚ್ಚು ಕಡಿಮೆ ಅದೇ ವಯಸ್ಸಿನವಳು, ಪಾಟಿಚೀಲದಿಂದ ಪುಸ್ತಕ ತೆಗೆದು ಕನ್ನಡ ಪಾಠವನ್ನು ಗಟ್ಟಿಯಾಗಿ ಓದಿ ತೋರಿಸಿದಳು. ಬಳಿಕ ಪುಸ್ತಕವನ್ನು ಇವಳ ಕೈಗೆ ಕೊಟ್ಟು, “ಈಗ ನೀ ಓದು” ಎಂದಳು. ಇವಳು ತಾಯಿಯ ಮುಖ ನೋಡಿದಳು. “ನೀವು ಕನ್ನಡದವರ ಅಲ್ಲೇನ?” ಎಂದು ಆ ಮಗು ಕೇಳಿತು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಆಶ್ಚರ್ಯವಷ್ಟೇ ಇತ್ತು.

ಶಾಲೆಯ ಪ್ರಶ್ನೆ

ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ. ಇದು ಯಾರೋ ದಯೆಯಿಂದ ಕೊಟ್ಟದ್ದಲ್ಲ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ವಿಧಿಯನ್ನು ಸೇರಿಸಿದ್ದು ಏಳನೆಯ ತಿದ್ದುಪಡಿ. ಅದು ಜಾರಿಗೆ ಬಂದದ್ದು 1956ರ ನವೆಂಬರ್ 1ರಂದೇ. ಗೆರೆ ಎಳೆದ ದಿನವೇ ಗೆರೆಯ ಆಚೀಚೆ ಉಳಿದವರಿಗೆ ಈ ಮಾತನ್ನೂ ಕೊಟ್ಟರು. ತೆಲಂಗಾಣದ 2018ರ ಕಾಯಿದೆಯಂತೆ ಎಲ್ಲ ಶಾಲೆಗಳಲ್ಲಿಯೂ ತೆಲುಗು ಕಡ್ಡಾಯವಾದ ಕಾರಣ ಈ ಮಕ್ಕಳು ಕನ್ನಡದ ಜೊತೆಗೆ ತೆಲುಗನ್ನೂ ಕಲಿಯುತ್ತಾರೆ.

ರಾತ್ರಿ ಊಟವಾದ ಮೇಲೆ ಹಿರಿಯರ ಮಗ, ಹೊಲ ಮಾಡಿಕೊಂಡಿರುವವರು, ನನ್ನ ಹತ್ತಿರ ಬಂದು ಕೂತರು. “ನೀವು ಸರಕಾರಿ ಆಫೀಸಿನ್ಯಾಗ ಇರೋರು, ಖರೆ ಹೇಳ್ರಿ. ಕನ್ನಡ ಸಾಲಿ ಕಲಿತ್ರ ಮುಂದ ನೌಕರಿ ಆಗ್ತದೇನ್ರಿ? ಮಗಳನ್ನ ಇಂಗ್ಲಿಷ್ ಸಾಲಿಗೆ ಹಾಕಂತ ಎಲ್ಲಾರೂ ಅಂತಾರ.”

ಭಾಷಣದ ಉತ್ತರ ಕೊಡುವುದು ಸುಲಭವಾಗಿತ್ತು. ಆದರೆ ಎದುರಿಗೆ ಕೂತವರು ಮಗಳ ಬಾಳಿನ ಬಗ್ಗೆ ಕೇಳುತ್ತಿದ್ದರು. ನನಗೆ ತಿಳಿದದ್ದನ್ನು ಹೇಳಿದೆ. ನನ್ನ ಕಚೇರಿಯ ಫೈಲು ಕನ್ನಡದಲ್ಲಿ ಓಡುವುದಿಲ್ಲ. ನೌಕರಿಯ ಪರೀಕ್ಷೆಗೆ ಇಂಗ್ಲಿಷನ್ನೋ ತೆಲುಗನ್ನೋ ಗಟ್ಟಿಯಾಗಿ ಕಲಿಯಲೇಬೇಕು. ಆದರೆ ಕನ್ನಡ ಶಾಲೆಯಲ್ಲಿ ಓದಿದರೆ ತೆಲಂಗಾಣದಲ್ಲಿ ಹಕ್ಕು ಹೋಗುತ್ತದೆಂಬ ಭಯ ಬೇಡ. 2018ರ ರಾಷ್ಟ್ರಪತಿಯವರ ಆದೇಶದ ಪ್ರಕಾರ ರಾಜ್ಯ ಸರಕಾರದ ನೇರ ನೇಮಕಾತಿಯಲ್ಲಿ ನೂರಕ್ಕೆ 95 ಹುದ್ದೆಗಳು ಸ್ಥಳೀಯರಿಗೆ. ಸ್ಥಳೀಯರೆಂದು ತೀರ್ಮಾನಿಸಲು ನೋಡುವುದು ಒಂದರಿಂದ ಏಳನೆಯ ತರಗತಿಯವರೆಗೆ ಎಲ್ಲಿ ಓದಿದರೆಂಬುದನ್ನು, ಯಾವ ಭಾಷೆಯಲ್ಲಿ ಎಂಬುದನ್ನಲ್ಲ. ಹತ್ತನೆಯದು ಮುಗಿಸಿ ರಾಯಚೂರಿನ ಕಾಲೇಜಿಗೆ ಹೋದರೂ ಈ ಹಳ್ಳಿಯ ಶಾಲೆಯ ಪ್ರಮಾಣಪತ್ರಗಳು ಅವಳ ಆಸ್ತಿ. ಜೋಪಾನವಾಗಿ ಇಡಿ ಎಂದೆ. ಅವರು ಎದ್ದು ಹೋಗಿ ಒಂದು ಚೀಟಿ ತಂದು, “ಇದನ್ನ ಬರದು ಕೊಡ್ರಿ” ಎಂದರು. ಬರೆದು ಕೊಟ್ಟೆ. ಮಗಳನ್ನು ಯಾವ ಶಾಲೆಯಲ್ಲಿ ಉಳಿಸುತ್ತಾರೆಂಬುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡು ಹೊಳೆಗಳು

ಮರುದಿನ ಬೆಳಗ್ಗೆ ಸಂಗಮಕ್ಕೆ ಹೋದೆವು. ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆಗೆ, ಭೀಮಾಶಂಕರದಲ್ಲಿ ಹುಟ್ಟಿ ಪಂಢರಪುರವನ್ನೂ ಗಾಣಗಾಪುರವನ್ನೂ ಮುಟ್ಟಿ 861 ಕಿಲೋಮೀಟರು ಹರಿದು ಬಂದ ಭೀಮೆ ಇಲ್ಲಿ ಸೇರುತ್ತಾಳೆ. ಕೃಷ್ಣೆ ತೆಲಂಗಾಣವನ್ನು ಪ್ರವೇಶಿಸುವುದು ತಂಗಡಿಯಲ್ಲಿ ಎಂದು ಇಲ್ಲಿನ ಶಾಲೆಯ ಮಕ್ಕಳು ಭೂಗೋಳದಲ್ಲಿ ಬಾಯಿಪಾಠ ಮಾಡುತ್ತಾರೆ. ಈ ನೀರೇ ಮುಂದೆ ಜೂರಾಲ, ಶ್ರೀಶೈಲ, ನಾಗಾರ್ಜುನ ಸಾಗರಗಳನ್ನು ತುಂಬಿ, ಕೊಳವೆ ಹತ್ತಿ ಹೈದರಾಬಾದಿನ ಎಷ್ಟೋ ಮನೆಗಳ ನಲ್ಲಿಗೆ ಬರುತ್ತದೆ. ಜನವರಿಯಾದ್ದರಿಂದ ಹೊಳೆ ಸೌಮ್ಯವಾಗಿತ್ತು. ಮಕ್ಕಳಿಬ್ಬರೂ ನೀರಿಗೆ ಕಲ್ಲು ಎಸೆದು ಕುಪ್ಪಳಿಕೆ ಎಣಿಸುತ್ತಿದ್ದರು. ಎಣಿಕೆ ಕನ್ನಡದಲ್ಲಿ ನಡೆದಿತ್ತು. ನಮ್ಮವಳು ಹನ್ನೊಂದಕ್ಕೆ ನಿಂತು, ಮುಂದಿನದನ್ನು ಕೇಳಿಕೊಂಡು ಮುಂದುವರಿದಳು.

ನಮ್ಮಿಂದ ಆಗಬಹುದಾದ್ದು

ಸಂಘದಲ್ಲಿ ಮಕ್ಕಳ ಕನ್ನಡದ ಬಗ್ಗೆ ಎಷ್ಟೋ ಸಲ ಚರ್ಚೆಯಾಗಿದೆ. ನನ್ನ ಸಲಹೆ ಸಣ್ಣದು. ಪರೀಕ್ಷೆ, ಸಂದರ್ಶನ, ಆಸ್ಪತ್ರೆ ಎಂದು ಆ ಕಡೆಯವರು ಹೈದರಾಬಾದಿಗೆ ಬಂದಾಗ ಇಳಿದುಕೊಳ್ಳಲು ಒಂದು ಕನ್ನಡದ ಮನೆ, ಅರ್ಜಿ ತುಂಬಿಸಿಕೊಡಲು ಒಬ್ಬರು ತಿಳಿದವರು ಸಿಕ್ಕರೆ ಅವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ನಮ್ಮಲ್ಲಿ ಗುಮಾಸ್ತರಿಗೂ ಉಪಾಧ್ಯಾಯರಿಗೂ ಬರವಿಲ್ಲವಷ್ಟೆ. ಪ್ರತಿಯಾಗಿ, ಬೇಸಿಗೆಯಲ್ಲಿ ನಮ್ಮ ಮಕ್ಕಳು ಹತ್ತು ದಿನ ಅಂಥ ಮನೆಗಳಲ್ಲಿ ಇದ್ದು ಬಂದರೆ, ನಾವು ಭಾನುವಾರದ ತರಗತಿಯಲ್ಲಿ ವರ್ಷವಿಡೀ ಕಲಿಸಲಾರದ್ದನ್ನು ಕಲಿತು ಬರುತ್ತಾರೆ. ಕನ್ನಡ ಅವರಿಗೆ ಪಾಠವಾಗಿ ಅಲ್ಲ, ಜೊತೆಗಾರರ ಮಾತಾಗಿ ಬರುತ್ತದೆ.

ಹೋಗಬೇಕೆನ್ನುವ ಬಂಧುಗಳು ತಿಳಿಸಿದರೆ ಮಿತ್ರರ ಮೂಲಕ ಏರ್ಪಾಟು ಮಾಡಿಸುತ್ತೇನೆ. ಮಳೆಗಾಲದಲ್ಲಿ ಹೊಳೆ ತುಂಬಿರುತ್ತದೆ, ಮಕ್ಕಳನ್ನು ದಂಡೆಗೆ ಬಿಡಬಾರದು; ದೀಪಾವಳಿ ಕಳೆದು ಶಿವರಾತ್ರಿಯವರೆಗೆ ಪ್ರಶಸ್ತವಾದ ಕಾಲ. ಬರುವವರ ಸಂಖ್ಯೆಯನ್ನು ಒಂದು ದಿನ ಮೊದಲೇ ಹೇಳಿ ಕಳಿಸುವುದು ಒಳ್ಳೆಯದು. ಜೋಳ ಬೀಸಿಸಿಟ್ಟುಕೊಳ್ಳಲು ಅವರಿಗೆ ಅನುಕೂಲವಾಗುತ್ತದೆ.