ಟ್ರ್ಯಾಕ್ಟರ್ ಚಾಲಿತ ನೇಗಿಲುಗಳು: ಸುಧಾರಿತ ವಿನ್ಯಾಸಗಳ ಪರಿಚಯ ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಪೀಠಿಕೆ

ರಾಜ್ಯದ ಬಹುತೇಕ ಗ್ರಾಮಗಳಲ್ಲಿ ಇಂದು ಭೂಮಿ ಸಿದ್ಧತೆಯ ಕಾರ್ಯವನ್ನು ಟ್ರ್ಯಾಕ್ಟರ್ ಮೂಲಕ ನಿರ್ವಹಿಸಲಾಗುತ್ತಿದೆ. ಕೇಂದ್ರ ಸರ್ಕಾರವು 2014-15ನೇ ಸಾಲಿನಲ್ಲಿ ಕೃಷಿ ಯಾಂತ್ರೀಕರಣ ಉಪ ಅಭಿಯಾನವನ್ನು ಆರಂಭಿಸಿದ್ದು, ಯಾಂತ್ರೀಕರಣ ಯೋಜನೆಗಳಡಿ ಟ್ರ್ಯಾಕ್ಟರ್ ಚಾಲಿತ ಉಪಕರಣಗಳಿಗೆ ಸಹಾಯಧನ ಒದಗಿಸಲಾಗುತ್ತಿದೆ. ಸಹಾಯಧನ ಕೋರಿ ಬರುವ ರೈತ ಬಾಂಧವರಲ್ಲಿ ಅನೇಕರು ಮೊದಲು ವಿಚಾರಿಸುವುದು ಸಹಾಯಧನದ ಮೊತ್ತವನ್ನು. ತಮ್ಮ ಮಣ್ಣಿಗೂ ತಮ್ಮ ಟ್ರ್ಯಾಕ್ಟರಿಗೂ ಯಾವ ನೇಗಿಲು ಹೊಂದುತ್ತದೆ ಎಂದು ವಿಚಾರಿಸುವವರ ಸಂಖ್ಯೆ ಕಡಿಮೆ. ಸಹಾಯಧನದಲ್ಲಿ ಪಡೆದ ಉಪಕರಣವನ್ನು ನಿಗದಿತ ಅವಧಿಯೊಳಗೆ ಮಾರಾಟ ಮಾಡಲು ಅವಕಾಶವಿರುವುದಿಲ್ಲ. ಆದುದರಿಂದ ಹೊಂದದ ನೇಗಿಲನ್ನು ಆರಿಸಿದಲ್ಲಿ ಅದರ ಹೊರೆಯನ್ನು ಹಲವು ವರ್ಷ ರೈತರೇ ಭರಿಸಬೇಕಾಗುತ್ತದೆ. ಈ ಹಿನ್ನೆಲೆಯಲ್ಲಿ ನೇಗಿಲಿನ ವಿನ್ಯಾಸದಲ್ಲಿ ಆಗಿರುವ ಸುಧಾರಣೆಗಳನ್ನೂ ಆಯ್ಕೆಯ ಕ್ರಮವನ್ನೂ ಕೆಳಗೆ ವಿವರಿಸಲಾಗಿದೆ.

2. ಎತ್ತಿನ ನೇಗಿಲಿಗೂ ಟ್ರ್ಯಾಕ್ಟರ್ ನೇಗಿಲಿಗೂ ಇರುವ ವ್ಯತ್ಯಾಸ

ಒಂದು ಜೊತೆ ಎತ್ತುಗಳು ನೀಡುವ ಶಕ್ತಿ ಸುಮಾರು ಒಂದು ಅಶ್ವಶಕ್ತಿ. ಒಂದು ಎತ್ತು ತನ್ನ ತೂಕದ ಸುಮಾರು ಹತ್ತನೇ ಒಂದು ಭಾಗದಷ್ಟು ಬಲವನ್ನು ಹೊತ್ತುಗಟ್ಟಲೆ ಎಳೆಯಬಲ್ಲದು. ಅದರ ನಡಿಗೆಯ ವೇಗ ಗಂಟೆಗೆ ಎರಡರಿಂದ ಎರಡೂವರೆ ಕಿ.ಮೀ. ಮರದ ನೇಗಿಲನ್ನು ಈ ಮಿತಿಗೆ ತಕ್ಕಂತೆಯೇ ರೂಪಿಸಲಾಗಿತ್ತು. ಅದು ಮಣ್ಣನ್ನು ಸೀಳುತ್ತದೆಯೇ ಹೊರತು ಪೂರ್ಣವಾಗಿ ಮಗುಚುವುದಿಲ್ಲ.

ಟ್ರ್ಯಾಕ್ಟರ್ ಗಂಟೆಗೆ 4 ರಿಂದ 6 ಕಿ.ಮೀ. ವೇಗದಲ್ಲಿ ಉಳುಮೆ ಮಾಡುತ್ತದೆ. ವೇಗ ಹೆಚ್ಚಿದಂತೆ ನೇಗಿಲನ್ನು ಎಳೆಯಲು ಬೇಕಾಗುವ ಬಲವೂ (ಮುಂದೆ ಇದನ್ನು ಎಳೆತ ಎಂದು ಕರೆಯಲಾಗಿದೆ) ಹೆಚ್ಚುತ್ತದೆ. ಕಡಿದಾದ ಗಿಡ್ಡ ರೆಕ್ಕೆಯುಳ್ಳ ನೇಗಿಲನ್ನು ವೇಗವಾಗಿ ಎಳೆದಲ್ಲಿ ಮಣ್ಣು ಮಗುಚಿ ಬೀಳುವ ಬದಲು ದೂರಕ್ಕೆ ಎಸೆಯಲ್ಪಡುತ್ತದೆ. ಹೊಲ ಏರುಪೇರಾಗಿ ಡೀಸೆಲ್ ವ್ಯರ್ಥವಾಗುತ್ತದೆ. ಆದ್ದರಿಂದಲೇ ಟ್ರ್ಯಾಕ್ಟರ್ ನೇಗಿಲುಗಳಿಗೆ ಉದ್ದನೆಯ, ನಿಧಾನವಾಗಿ ತಿರುಚಿದ ರೆಕ್ಕೆಯನ್ನು ಅಳವಡಿಸಲಾಯಿತು. ಎತ್ತಿನ ನೇಗಿಲನ್ನೇ ದೊಡ್ಡದು ಮಾಡಿದರೆ ಟ್ರ್ಯಾಕ್ಟರ್ ನೇಗಿಲಾಗುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು.

3. ವಿನ್ಯಾಸದಲ್ಲಿ ಆಗಿರುವ ಮುಖ್ಯ ಸುಧಾರಣೆಗಳು

ಅ) ಮಣ್ಣು ಅಂಟದ ರೆಕ್ಕೆ: ಅಮೆರಿಕದ ಇಲಿನಾಯ್ ಪ್ರಾಂತ್ಯದ ಜಿಗುಟು ಮಣ್ಣಿನಲ್ಲಿ ಎರಕದ ಕಬ್ಬಿಣದ ನೇಗಿಲಿಗೆ ಮಣ್ಣು ಮೆತ್ತಿಕೊಳ್ಳುತ್ತಿದ್ದು, ಅದನ್ನು ಆಗಾಗ್ಗೆ ನಿಲ್ಲಿಸಿ ಕೆರೆಯಬೇಕಾಗುತ್ತಿತ್ತು. 1837ರಲ್ಲಿ ಜಾನ್ ಡೀರ್ ಎಂಬ ಕಮ್ಮಾರರು ನಯಗೊಳಿಸಿದ ಉಕ್ಕಿನ ನೇಗಿಲನ್ನು ತಯಾರಿಸಿ ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಿದರು. ಧಾರವಾಡ, ಗದಗ, ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳ ಎರೆ ಭೂಮಿಯಲ್ಲಿ ಹದ ಮೀರಿ ಉಳುಮೆ ಮಾಡಿದ ರೈತರಿಗೆ ಇದೇ ತೊಂದರೆಯ ಅನುಭವವಿದೆ. ಇಂತಹ ಮಣ್ಣಿಗಾಗಿ ಇಡೀ ತಗಡಿನ ಬದಲು ನಡುವೆ ಸಂದುಗಳಿರುವ ಪಟ್ಟಿಗಳಿಂದ ಮಾಡಿದ ರೆಕ್ಕೆಗಳು ಲಭ್ಯವಿವೆ. ಮಣ್ಣಿಗೆ ತಾಗುವ ಮೇಲ್ಮೈ ಕಡಿಮೆಯಾಗುವುದರಿಂದ ಅಂಟುವಿಕೆ ತಗ್ಗುತ್ತದೆ.

ಆ) ಮೂರು ಬಿಂದುಗಳ ಜೋಡಣೆ: ಹಿಂದೆ ನೇಗಿಲನ್ನು ಗಾಡಿಯಂತೆ ಟ್ರ್ಯಾಕ್ಟರಿನ ಹಿಂಬದಿಗೆ ಕೊಂಡಿಯಿಂದ ಸಿಕ್ಕಿಸಿ ಎಳೆಯಲಾಗುತ್ತಿತ್ತು. ನೇಗಿಲು ಬಂಡೆಗೆ ಸಿಲುಕಿದಾಗ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಚಾಲಕರ ಪ್ರಾಣಕ್ಕೆ ಅಪಾಯ ಉಂಟಾಗುತ್ತಿತ್ತು. ಐರ್ಲೆಂಡ್ ಮೂಲದ ಹ್ಯಾರಿ ಫರ್ಗುಸನ್ ಅವರು ರೂಪಿಸಿದ, ಕೆಳಗೆ ಎರಡು ಹಾಗೂ ಮೇಲೆ ಒಂದು ತೋಳಿನ ಜೋಡಣೆಯುಳ್ಳ ಟ್ರ್ಯಾಕ್ಟರ್ 1936ರಲ್ಲಿ ಮಾರುಕಟ್ಟೆಗೆ ಬಂದಿತು. ಈ ಜೋಡಣೆಯಲ್ಲಿ ನೇಗಿಲಿನ ಭಾರ ಮತ್ತು ಎಳೆತದ ಒಂದು ಭಾಗ ಹಿಂದಿನ ಗಾಲಿಗಳ ಮೇಲೆ ಬಿದ್ದು ಅವುಗಳ ಹಿಡಿತ ಹೆಚ್ಚುತ್ತದೆ. ಮಣ್ಣು ಗಟ್ಟಿಯಾದಾಗ ಹೈಡ್ರಾಲಿಕ್ ವ್ಯವಸ್ಥೆಯು ನೇಗಿಲನ್ನು ತಾನಾಗಿಯೇ ಸ್ವಲ್ಪ ಮೇಲೆತ್ತುತ್ತದೆ. ಇಂದಿನ ಟ್ರ್ಯಾಕ್ಟರ್‌ಗಳಲ್ಲಿ ಈ ವ್ಯವಸ್ಥೆ ಸಾಮಾನ್ಯವಾಗಿದೆ.

ಇ) ಬದಲಾಯಿಸಬಹುದಾದ ಗುಳ: ಅತಿ ಬೇಗ ಸವೆಯುವ ಭಾಗವೆಂದರೆ ಗುಳ ಹಾಗೂ ಅದರ ಮೊನೆ. ಮೊನೆ ಸವೆದ ನೇಗಿಲು ನೆಲಕ್ಕೆ ಸರಿಯಾಗಿ ಇಳಿಯುವುದಿಲ್ಲ ಮತ್ತು ಅದರ ಎಳೆತ ಹೆಚ್ಚುತ್ತದೆ. ಸುಧಾರಿತ ನೇಗಿಲುಗಳಲ್ಲಿ ಬೋರಾನ್ ಉಕ್ಕಿನಂತಹ ಗಟ್ಟಿ ಲೋಹದ ಗುಳಗಳನ್ನು ಬೋಲ್ಟ್ ಮೂಲಕ ಜೋಡಿಸಲಾಗುತ್ತದೆ. ಸವೆದಾಗ ಗುಳವನ್ನಷ್ಟೇ ಬದಲಿಸಿದರೆ ಸಾಕು.

ಈ) ಕಲ್ಲಿನಿಂದ ರಕ್ಷಣೆ: ಕಲ್ಲು ತಾಗಿದಾಗ ತುಂಡಾಗುವ ಬೋಲ್ಟ್ ಅಥವಾ ಹಿಂದಕ್ಕೆ ಬಾಗುವ ಸ್ಪ್ರಿಂಗ್ ಅಳವಡಿಸಿದಲ್ಲಿ ನೇಗಿಲಿನ ಚೌಕಟ್ಟು ಉಳಿಯುತ್ತದೆ. ಕಲ್ಲು ಹೆಚ್ಚಿರುವ ಕೆಂಪು ಭೂಮಿಯ ರೈತರು ಈ ಸೌಲಭ್ಯವಿರುವ ಮಾದರಿಯನ್ನು ಕೇಳಿ ಪಡೆಯುವುದು ಸೂಕ್ತ.

4. ನೇಗಿಲುಗಳ ವಿಧ ಮತ್ತು ಉಪಯೋಗ

ಅ) ರೆಕ್ಕೆ ನೇಗಿಲು (ಎಂ.ಬಿ. ನೇಗಿಲು): ಮಣ್ಣನ್ನು ಕತ್ತರಿಸಿ ಮಗುಚುತ್ತದೆ. ಬೆಳೆಯ ಕೂಳೆ ಹಾಗೂ ಕಳೆಯನ್ನು ಮಣ್ಣಿನಡಿ ಸೇರಿಸುತ್ತದೆ. ಮಾಗಿ ಉಳುಮೆಯಲ್ಲಿ ಕೀಟಗಳ ಕೋಶಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಆಹುತಿಯಾಗುತ್ತವೆ.

ಆ) ಹಿಂದು-ಮುಂದು ತಿರುಗುವ ರೆಕ್ಕೆ ನೇಗಿಲು (ಆಡುಮಾತಿನಲ್ಲಿ ಪಲ್ಟಿ): ಇದರಲ್ಲಿ ಎಡಕ್ಕೂ ಬಲಕ್ಕೂ ಮಗುಚುವ ಎರಡು ಜೊತೆ ರೆಕ್ಕೆಗಳಿರುತ್ತವೆ. ಹೊಲದ ತುದಿಯಲ್ಲಿ ನೇಗಿಲನ್ನು ತಿರುಗಿಸಿ ಪಕ್ಕದ ಸಾಲಿನಲ್ಲಿಯೇ ಹಿಂದಿರುಗಬಹುದಾದ್ದರಿಂದ ಹೊಲದ ನಡುವೆ ದಿಣ್ಣೆ ಅಥವಾ ಕಾಲುವೆಯಂತಹ ತಗ್ಗು ಉಳಿಯುವುದಿಲ್ಲ. ಕಿರಿದಾದ ಹಿಡುವಳಿಗಳಿಗೂ, ಇಳಿಜಾರಿಗೆ ಅಡ್ಡಲಾಗಿ ಉಳುವ ಹೊಲಗಳಿಗೂ ಇದು ಅನುಕೂಲ. ಆದರೆ ತೂಕ ಹೆಚ್ಚು. ಟ್ರ್ಯಾಕ್ಟರಿನ ಎತ್ತುವ ಸಾಮರ್ಥ್ಯವನ್ನು ಮೊದಲು ಪರಿಶೀಲಿಸತಕ್ಕದ್ದು.

ಇ) ಡಿಸ್ಕ್ ನೇಗಿಲು: ಒಣಗಿ ಗಟ್ಟಿಯಾದ, ಬೇರು ಮತ್ತು ಕಲ್ಲುಗಳಿರುವ ಅಥವಾ ಅಂಟುವ ಮಣ್ಣಿಗೆ ಸೂಕ್ತ. ತಿರುಗುವ ತಟ್ಟೆಗಳು ಅಡಚಣೆಯ ಮೇಲೆ ಉರುಳಿ ಹೋಗುತ್ತವೆ. ಇದು ತನ್ನ ತೂಕದಿಂದಲೇ ನೆಲಕ್ಕೆ ಇಳಿಯುವುದರಿಂದ ಹಗುರ ಮಾದರಿಗಳಿಂದ ಪ್ರಯೋಜನವಿಲ್ಲ. ರೆಕ್ಕೆ ನೇಗಿಲಿನಷ್ಟು ಪೂರ್ಣವಾಗಿ ಕಳೆಯನ್ನು ಮುಚ್ಚುವುದಿಲ್ಲ.

ಈ) ಉಳಿ ನೇಗಿಲು: ಮಣ್ಣನ್ನು ಮಗುಚದೆ 30 ರಿಂದ 45 ಸೆಂ.ಮೀ. ಆಳದವರೆಗೆ ಸೀಳುತ್ತದೆ. ಪ್ರತಿ ವರ್ಷ ಒಂದೇ ಆಳಕ್ಕೆ ಉಳುವುದರಿಂದಲೂ, ಟ್ರ್ಯಾಕ್ಟರಿನ ಭಾರದಿಂದಲೂ ನೇಗಿಲು ತಲುಪುವ ಆಳದ ಕೆಳಗೆ ಗಟ್ಟಿ ಪದರ ಉಂಟಾಗುತ್ತದೆ. ಇದರಿಂದ ಮಳೆನೀರು ಇಂಗದೆ ಹರಿದುಹೋಗುತ್ತದೆ, ಬೇರು ಆಳಕ್ಕಿಳಿಯುವುದಿಲ್ಲ. ಈ ಪದರವನ್ನು ಒಡೆಯಲು ಎರಡು ಮೂರು ವರ್ಷಕ್ಕೊಮ್ಮೆ ಉಳಿ ನೇಗಿಲು ಬಳಸಿದರೆ ಸಾಕಾಗುತ್ತದೆ. ಮಣ್ಣು ಒಣಗಿರುವಾಗ ಮಾತ್ರ ಬಳಸತಕ್ಕದ್ದು. ತೇವವಿರುವಾಗ ಪದರ ಒಡೆಯದೆ ಬರೀ ಗೀರು ಬೀಳುತ್ತದೆ.

ವಿಶೇಷ ಸೂಚನೆ: ರೋಟವೇಟರ್ ನೇಗಿಲಿಗೆ ಬದಲಿಯಲ್ಲ. ಅದು ಸಾಮಾನ್ಯವಾಗಿ 10 ರಿಂದ 15 ಸೆಂ.ಮೀ. ಆಳದ ಮಣ್ಣನ್ನು ಪುಡಿ ಮಾಡಿ ಒಂದೇ ಸಲಕ್ಕೆ ಬಿತ್ತನೆಗೆ ಸಿದ್ಧಗೊಳಿಸುತ್ತದೆ. ಈ ಅನುಕೂಲದಿಂದಾಗಿ ವರ್ಷಾನುಗಟ್ಟಲೆ ಅದೊಂದನ್ನೇ ಬಳಸಿದ ಹೊಲಗಳಲ್ಲಿ ಪುಡಿಮಣ್ಣಿನ ಕೆಳಗೆ ಗಟ್ಟಿ ಪದರ ಬೆಳೆಯುವ ಸಂಭವವಿದೆ. ಮಳೆಯ ನಂತರ ಹೊಲದಲ್ಲಿ ಕಬ್ಬಿಣದ ಸಲಾಕೆಯೊಂದನ್ನು ಕೈಯಿಂದ ಒತ್ತಿ ನೋಡಿ. ಒಂದು ಗೇಣಿನೊಳಗೆ ಅದು ತಟ್ಟನೆ ನಿಂತಲ್ಲಿ ಹಾಗೂ ಅಲ್ಲಿ ಕಲ್ಲಿಲ್ಲದಿದ್ದಲ್ಲಿ ಗಟ್ಟಿ ಪದರವಿದೆ ಎಂದು ತಿಳಿಯಬಹುದು.

5. ಎಳೆತದ ಲೆಕ್ಕ: ಒಂದು ಉದಾಹರಣೆ

ತಲಾ 30 ಸೆಂ.ಮೀ. ಅಗಲದ ಎರಡು ರೆಕ್ಕೆಗಳುಳ್ಳ ನೇಗಿಲು 20 ಸೆಂ.ಮೀ. ಆಳಕ್ಕೆ ಉಳುವಾಗ ಕತ್ತರಿಸುವ ಮಣ್ಣಿನ ಅಡ್ಡಕೊಯ್ತ 1,200 ಚದರ ಸೆಂ.ಮೀ. ಆಗುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಪ್ರತಿ ಚದರ ಸೆಂ.ಮೀ.ಗೆ 0.35 ಕಿ.ಗ್ರಾಂ. ಬಲ ಬೇಕೆಂದು ಭಾವಿಸಿದರೆ ಒಟ್ಟು ಎಳೆತ 420 ಕಿ.ಗ್ರಾಂ. ಭಾರೀ ಎರೆ ಮಣ್ಣಿನಲ್ಲಿ ಇದು 0.7 ಕಿ.ಗ್ರಾಂ. ಎಂದಾದರೆ ಒಟ್ಟು ಎಳೆತ 840 ಕಿ.ಗ್ರಾಂ. ಅಂದರೆ ನೇಗಿಲು ಅದೇ ಆದರೂ ಮಣ್ಣು ಬದಲಾದ ಕಾರಣ ಎಳೆತ ಇಮ್ಮಡಿಯಾಯಿತು.

ಗಂಟೆಗೆ 4 ಕಿ.ಮೀ. ವೇಗದಲ್ಲಿ ಈ ಎಳೆತಗಳಿಗೆ ಕ್ರಮವಾಗಿ ಸುಮಾರು 6 ಮತ್ತು 12 ಅಶ್ವಶಕ್ತಿ ಬೇಕು. ಆದರೆ ಗಾಲಿಗಳ ಜಾರುವಿಕೆ ಮೊದಲಾದ ಕಾರಣಗಳಿಂದ ಹೊಲದಲ್ಲಿ ಎಂಜಿನ್ನಿನ ಶಕ್ತಿಯ ಸುಮಾರು ಅರ್ಧದಷ್ಟು ಮಾತ್ರ ನೇಗಿಲಿಗೆ ತಲುಪುತ್ತದೆ ಎಂದು ಎಣಿಸುವುದು ಕ್ಷೇಮ. ಅದರಂತೆ ಎರೆ ಮಣ್ಣಿನಲ್ಲಿ ಎರಡು ರೆಕ್ಕೆಯ ನೇಗಿಲಿಗೆ 25 ಅಶ್ವಶಕ್ತಿ ಬೇಕಾಗಿದ್ದು, ಮೀಸಲು ಶಕ್ತಿಯೂ ಸೇರಿ 35 ಅಶ್ವಶಕ್ತಿಯ ಟ್ರ್ಯಾಕ್ಟರ್ ಸೂಕ್ತವೆನಿಸುತ್ತದೆ. ಅದೇ ಟ್ರ್ಯಾಕ್ಟರಿಗೆ ಮೂರು ರೆಕ್ಕೆಯ ನೇಗಿಲನ್ನು ಕಟ್ಟಿದಲ್ಲಿ ಗಾಲಿಗಳು ಜಾರುತ್ತವೆ, ಟೈರು ಸವೆಯುತ್ತದೆ, ಆಳ ಸಿಗುವುದಿಲ್ಲ. ರೆಕ್ಕೆಗಳ ಸಂಖ್ಯೆ ಹೆಚ್ಚಿದ್ದರೆ ಲಾಭ ಹೆಚ್ಚು ಎಂಬ ಭಾವನೆ ಸರಿಯಲ್ಲ.

6. ಖರೀದಿಯೋ, ಬಾಡಿಗೆಯೋ

ಮೇಲ್ಕಂಡ 60 ಸೆಂ.ಮೀ. ಅಗಲದ ನೇಗಿಲು, ತಿರುವುಗಳ ಸಮಯವನ್ನೂ ಪರಿಗಣಿಸಿದಾಗ, ಒಂದು ಎಕರೆಯನ್ನು ಸುಮಾರು ಎರಡೂಕಾಲು ಗಂಟೆಯಲ್ಲಿ ಉಳುತ್ತದೆ. ಐದು ಎಕರೆಗೆ ಬೇಕಾಗುವುದು ಹನ್ನೊಂದು ಹನ್ನೆರಡು ಗಂಟೆ, ಅಂದರೆ ಎರಡು ದಿನಗಳ ಕೆಲಸ ಮಾತ್ರ. ವರ್ಷದ ಉಳಿದ ದಿನಗಳಲ್ಲಿ ನೇಗಿಲು ಹಿತ್ತಲಿನಲ್ಲಿರುತ್ತದೆ. ಬಾಡಿಗೆ ಉಳುಮೆ ಮಾಡುವ ಉದ್ದೇಶವಿಲ್ಲದ ಸಣ್ಣ ಹಿಡುವಳಿದಾರರು ಸಹಾಯಧನ ಕಳೆದು ತಾವು ಭರಿಸಬೇಕಾದ ಮೊತ್ತವನ್ನು, ಒಂದು ವರ್ಷದ ಬಾಡಿಗೆ ವೆಚ್ಚದೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು. ಉಳಿ ನೇಗಿಲಿನಂತೆ ಎರಡು ಮೂರು ವರ್ಷಕ್ಕೊಮ್ಮೆ ಮಾತ್ರ ಬೇಕಾಗುವ ಉಪಕರಣವನ್ನು ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲಿ ಲಭ್ಯವಿದ್ದಲ್ಲಿ ಬಾಡಿಗೆಗೆ ಪಡೆಯುವುದು ಮಿತವ್ಯಯಕರ. ಕೇಂದ್ರಗಳಿಂದ ಬಾಡಿಗೆಗೆ ಪಡೆಯುವುದೂ ಒಂದು ಸೌಲಭ್ಯವೇ ಆಗಿದೆ. ಅರ್ಜಿ ಸಲ್ಲಿಸದಿದ್ದರೆ ಸೌಲಭ್ಯ ಕೈತಪ್ಪಿತೆಂದು ಭಾವಿಸಬೇಕಾಗಿಲ್ಲ.

7. ಅರ್ಜಿ ಸಲ್ಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಅ) ಟ್ರ್ಯಾಕ್ಟರಿನ ಅಶ್ವಶಕ್ತಿ ಮತ್ತು ಎತ್ತುವ ಸಾಮರ್ಥ್ಯವನ್ನು ಅದರ ಕೈಪಿಡಿಯಲ್ಲಿ ನೋಡಿ ಬರೆದುಕೊಳ್ಳುವುದು.
ಆ) ಜೋಡಣೆಯ ದರ್ಜೆ ಹೊಂದುವುದೇ ಎಂದು ಅಳೆಯುವುದು. ಒಂದನೇ ದರ್ಜೆಯಲ್ಲಿ ಕೆಳಗಿನ ತೋಳಿನ ಪಿನ್ ಸುಮಾರು 22 ಮಿ.ಮೀ., ಎರಡನೇ ದರ್ಜೆಯಲ್ಲಿ ಸುಮಾರು 28 ಮಿ.ಮೀ. ದಪ್ಪವಿರುತ್ತದೆ.
ಇ) ಮಾದರಿಯ ಪರೀಕ್ಷಾ ವರದಿಯನ್ನು ಮಾರಾಟಗಾರರಿಂದ ಕೇಳುವುದು. ಮಧ್ಯಪ್ರದೇಶದ ಬುಧನಿ, ಆಂಧ್ರಪ್ರದೇಶದ ಗಾರ್ಲದಿನ್ನೆ ಮುಂತಾದೆಡೆ ಇರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಗಳು ಇಂತಹ ಪರೀಕ್ಷೆಗಳನ್ನು ನಡೆಸುತ್ತವೆ.
ಈ) ಗುಳ ಮತ್ತು ಬೋಲ್ಟ್‌ಗಳು ತಾಲ್ಲೂಕು ಕೇಂದ್ರದಲ್ಲಿ ದೊರೆಯುವುವೇ ಎಂದು ಖಚಿತಪಡಿಸಿಕೊಳ್ಳುವುದು.
ಉ) ಸಾಧ್ಯವಾದಲ್ಲಿ ಅದೇ ಮಾದರಿಯು ತಮ್ಮದೇ ರೀತಿಯ ಮಣ್ಣಿನಲ್ಲಿ ಕೆಲಸ ಮಾಡುವುದನ್ನು ಕಣ್ಣಾರೆ ನೋಡುವುದು.

ಅರ್ಜಿಯನ್ನು ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರದಲ್ಲಿ ಸಲ್ಲಿಸಬಹುದಾಗಿದೆ. ರೈತರ ನೋಂದಣಿ ಸಂಖ್ಯೆ (ಎಫ್.ಐ.ಡಿ.), ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಹಾಗೂ ಅನ್ವಯಿಸುವವರು ಜಾತಿ ಪ್ರಮಾಣಪತ್ರವನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ಟ್ರ್ಯಾಕ್ಟರಿನ ನೋಂದಣಿ ಪತ್ರವನ್ನೂ ಜೊತೆಯಲ್ಲಿ ಒಯ್ಯುವುದು. ಸಹಾಯಧನದ ಪ್ರಮಾಣ ಹಾಗೂ ಗರಿಷ್ಠ ಮಿತಿಯು ವರ್ಗ ಮತ್ತು ಆರ್ಥಿಕ ಸಾಲಿಗೆ ಅನುಗುಣವಾಗಿ ಬದಲಾಗುವುದರಿಂದ ಚಾಲ್ತಿ ಸಾಲಿನ ವಿವರವನ್ನು ಕೇಂದ್ರದಲ್ಲಿಯೇ ತಿಳಿದುಕೊಳ್ಳುವುದು. ಮಂಜೂರಾತಿಗೆ ಮುನ್ನ ಮಾರಾಟಗಾರರಿಗೆ ಪೂರ್ಣ ಹಣ ಪಾವತಿಸಬಾರದು.

8. ಮುಕ್ತಾಯ

ಸಹಾಯಧನ ದೊರೆಯುವುದು ಒಂದು ಬಾರಿ. ಡೀಸೆಲ್ ಖರ್ಚು ಬರುವುದು ಪ್ರತಿ ಹಂಗಾಮಿನಲ್ಲಿ. ಮಣ್ಣಿಗೂ ಟ್ರ್ಯಾಕ್ಟರಿಗೂ ಹೊಂದುವ ನೇಗಿಲು ತನ್ನ ಬೆಲೆಯನ್ನು ಹೊಲದಲ್ಲಿಯೇ ತೀರಿಸುತ್ತದೆ. ಹೊಂದದ ನೇಗಿಲು ಉಚಿತವಾಗಿ ದೊರೆತರೂ ದುಬಾರಿಯೇ. ಆದುದರಿಂದ ರೈತ ಬಾಂಧವರು ಅರ್ಜಿ ನಮೂನೆಯಲ್ಲಿ ಉಪಕರಣದ ಹೆಸರನ್ನು ಬರೆಯುವ ಮುನ್ನ ತಮ್ಮ ಹೊಲದ ಮಣ್ಣು, ಟ್ರ್ಯಾಕ್ಟರಿನ ಶಕ್ತಿ ಮತ್ತು ವರ್ಷದ ಬಳಕೆಯ ಗಂಟೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳೊಂದಿಗೆ ಚರ್ಚಿಸಿ ನಿರ್ಧರಿಸಬೇಕೆಂದು ಕೋರಲಾಗಿದೆ.